ಗಾಳಿಯಲ್ಲಿ ಮಾತ್ರ ಕೆಮ್ಮುತ್ತಿದ್ದ ಇಂಜಿನ್

ಗಲ್ಫಿನ ಮುಸಫ್ಫಾದಲ್ಲಿ ನಾನಿದ್ದ ವರ್ಕ್‌ಶಾಪಿಗೆ ಬರುತ್ತಿದ್ದದ್ದು ಮೀನುದೋಣಿಗಳ ಇಂಜಿನ್‌ಗಳು. ಹೆಚ್ಚಿನವು ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ-ಸ್ಟ್ರೋಕ್. ಸದ್ದು ಕೇಳಿಯೇ ಇವನು ಅರ್ಧ ರೋಗ ಹೇಳುತ್ತಾನೆ ಎಂಬ ಹೆಸರು ನನಗೆ ಬಂದಿತ್ತು. ಆ ಹೆಸರೇ ನನ್ನನ್ನು ಒಂದು ವಿಮಾನದ ಬಳಿಗೆ ಎಳೆದುಕೊಂಡು ಹೋಯಿತು.

ವಿಮಾನವೆಂದರೆ ಇಬ್ಬರು ಅಕ್ಕಪಕ್ಕ ಕೂರುವ, ರೆಕ್ಕೆಗೆ ಬಟ್ಟೆ ಹೊದಿಸಿದ ಪುಟ್ಟ ಯಂತ್ರ. ಅದರ ಮಾಲೀಕರು ನಗರದ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಮನೆ ಮಾಡಿದ್ದ ನಮ್ಮ ಊರ ಕಡೆಯ ಕೊಂಕಣಿ ಕ್ರಿಶ್ಚಿಯನ್ನರೊಬ್ಬರು, ಆಸ್ಪತ್ರೆಯೊಂದರ ಎಕ್ಸ್‌ರೇ ವಿಭಾಗದಲ್ಲಿ ಕೆಲಸ. ಊರಿನ ರೂಢಿಯಂತೆ ನಾನು ಅವರನ್ನು ‘ಪೊರ್ಬುಗಳೇ’ ಎನ್ನುತ್ತಿದ್ದೆ. ಐವತ್ತು ದಾಟಿದ ಮೇಲೆ ಹಾರಲು ಕಲಿತು, ಶುಕ್ರವಾರ ಬಂತೆಂದರೆ ಮರಳುಗಾಡಿನಲ್ಲಿದ್ದ ಫ್ಲೈಯಿಂಗ್ ಕ್ಲಬ್ಬಿನ ಏರ್‌ಸ್ಟ್ರಿಪ್‌ಗೆ ಓಡುತ್ತಿದ್ದರು.

“ಕೆಳಗೆ ಇರುವಾಗ ಎಂತದೂ ಇಲ್ಲ ಮಾರಾಯ. ಮೇಲೆ ಹೋಗಿ ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಲಿಕ್ಕೆ ಶುರು ಮಾಡ್ತದೆ,” ಎಂದರು.

ಹಗುರವಾಗಿಯೇ ಕೆಲಸ ಶುರು ಮಾಡಿದೆ. ಪ್ಲಗ್ ಬದಲಿಸಿದೆ. ಎರಡೂ ಕಾರ್ಬ್ಯುರೇಟರ್ ಬಿಚ್ಚಿ ಊದಿದೆ. ಪೆಟ್ರೋಲ್ ಪೈಪುಗಳನ್ನು ಕಿತ್ತು, ರಾಸ್ ಅಲ್ ಖೋರ್‌ನ ಬಿಡಿಭಾಗದ ಅಂಗಡಿಯಿಂದ ಹೊಸದು ತಂದು ಹಾಕಿದೆ. ಪಂಪು ಬಿಚ್ಚಿ ನೋಡಿದೆ, ಟ್ಯಾಂಕ್ ಖಾಲಿ ಮಾಡಿ ಕುಲುಕಿ ತೊಳೆದೆ. ಬಾಲವನ್ನು ಪಿಕಪ್ಪಿಗೆ ಹಗ್ಗದಿಂದ ಬಿಗಿದು ಇಂಜಿನ್ ಓಡಿಸಿದರೆ ಎಷ್ಟು ಹದವಾಗಿ ಓಡುತ್ತಿತ್ತೆಂದರೆ ನನಗೇ ಸಿಟ್ಟು ಬರುತ್ತಿತ್ತು. ಗಾಳಿ ತಾಗಿದರೆ ಮಾತ್ರ ತಣ್ಣಗಾಗುವ ಇಂಜಿನ್ ಅದು, ನಿಂತಲ್ಲೇ ತುಂಬ ಹೊತ್ತು ಓಡಿಸುವ ಹಾಗಿರಲಿಲ್ಲ. ಅವರು ಹಾರಿ ಬಂದು ಪ್ರತಿಸಲ ಅದೇ ಮಾತು ಹೇಳುತ್ತಿದ್ದರು. ಒಂದು ಶುಕ್ರವಾರ ನನಗೆ ಬಿಚ್ಚಿ ನೋಡಲು ಇನ್ನೇನೂ ಉಳಿಯಲಿಲ್ಲ.

“ನೀನೇ ಮೇಲೆ ಬಂದು ಕೇಳು,” ಎಂದರು.

ನಾನು ಹೆದರಿದ್ದೆ. ಆದರೂ ಹತ್ತಿದೆ. ಬೇಡವೆನ್ನಲು ಬಾಯಿ ಬರಲಿಲ್ಲ. ಅಭ್ಯಾಸಬಲದಿಂದ ಜೇಬಿಗೆ ಸ್ಪ್ಯಾನರ್ ಹಾಕಿಕೊಂಡಿದ್ದೆ. ನೆಲ ಕೆಳಗಿಳಿಯಿತು, ಒಂಟೆಗಳ ಬೇಲಿ, ಟ್ಯಾಂಕರಿನ ದಾರಿ, ಆಮೇಲೆ ಬರೀ ಮರಳು. ಇಂಜಿನ್ ಚೆನ್ನಾಗಿಯೇ ಹಾಡುತ್ತಿತ್ತು. ಇನ್ನೇನು ಮರಳಿ ತಿರುಗಬೇಕು ಎನ್ನುವಾಗ ಬೆನ್ನಿಗೆ ಒಂದು ನಡುಕ ತಾಗಿತು. ಸದ್ದು ಒಡೆಯಿತು. ಹೊಗೆಯ ಶಾಖ ತೋರಿಸುವ ಮುಳ್ಳು ಮೇಲೇರುತ್ತಿತ್ತು. ಪೆಟ್ರೋಲ್ ಸಾಲದೆ ಇಂಜಿನ್ ಒಣಗುತ್ತಿದೆ ಎಂದು ನನಗೆ ಕೂಡಲೇ ತಿಳಿಯಿತು. ತಿಳಿದು ಏನು ಮಾಡುವುದು? ಇಂಜಿನ್ ನನ್ನ ತಲೆಯ ಹಿಂದೆ, ಕೈಗೆಟುಕದ ಜಾಗದಲ್ಲಿತ್ತು. ಸ್ಪ್ಯಾನರನ್ನು ಬಟ್ಟೆಯ ಮೇಲಿಂದಲೇ ಒತ್ತಿ ಹಿಡಿದು ಕೂತೆ.

ಆಮೇಲೆ ಅದು ನಿಂತೇ ಹೋಯಿತು. ಗಾಳಿಯ ಸುಯ್ ಸದ್ದು ಮಾತ್ರ.

ಪೊರ್ಬುಗಳು ಗಟ್ಟಿ ನೆಲದ ಒಂದು ಬಿಳಿ ಪಟ್ಟಿ ಹುಡುಕಿ, ಎರಡು ಸಲ ಕುಪ್ಪಳಿಸಿ ಇಳಿಸಿದರು. ಇಳಿದ ಮೇಲೆಯೇ ಶಿಲುಬೆಯ ಗುರುತು ಹಾಕಿಕೊಂಡದ್ದು. ನಾನು ಕೆಳಗಿಳಿದು ಮರಳಿನ ಮೇಲೆ ಕೂತುಬಿಟ್ಟೆ. ಅವರು ಫೋನ್ ಮಾಡಿ ಕ್ಲಬ್ಬಿನ ಗಾಡಿ ಕರೆಸಿದರು.

ಆಮೇಲೆ ಎದ್ದು ಇಂಜಿನ್ ನೋಡಿದೆ. ಪೈಪಿನಲ್ಲಿ ಪೆಟ್ರೋಲ್ ಇತ್ತು. ಫಿಲ್ಟರ್ ಚೊಕ್ಕ. ಸುಮ್ಮನೆ ಸ್ಟಾರ್ಟರಿನ ಹಗ್ಗ ಎಳೆದೆ. ಮೊದಲ ಎಳೆತಕ್ಕೇ ಚಾಲೂ! ಏನೂ ನಡೆದಿಲ್ಲವೆಂಬಂತೆ ನಯವಾಗಿ ಓಡುತ್ತಿತ್ತು. ನನಗೆ ಅಳು ಬಂದಂತಾಯಿತು.

“ಇಷ್ಟೇ ಅಲ್ವಾ! ನಾನು ಒಬ್ಬನೇ ತಕೊಂಡು ಹೋಗ್ತೇನೆ, ಹಗುರ ಆಗ್ತದೆ. ನೀನು ಗಾಡಿಯಲ್ಲಿ ಬಾ.”

“ಬೇಡ ಪೊರ್ಬುಗಳೇ. ಟ್ರೇಲರ್ ತರಿಸುವ.”

“ಸ್ಟ್ರಿಪ್ ಅಲ್ಲೇ ಉಂಟು, ಐದು ನಿಮಿಷ ಸಾಕು. ಕೆಮ್ಮುವುದರೊಳಗೆ ಇಳಿದಾಗಿರ್ತದೆ. ಯಲ್ಲಾ, ಹೊರಡ್ತೇನೆ.”

ರೆಕ್ಕೆ ಹಿಡಿದು ನಿಂತೆ. “ಏನಾಗಿದೆಯಂತ ನನಗೆ ಗೊತ್ತಿಲ್ಲ,” ಎಂದೆ. “ಗೊತ್ತಿದ್ದರೆ ಹೋಗಿ ಅಂತಿದ್ದೆ.”

ಅವರು ನಕ್ಕು, ನನ್ನ ಕೈಯನ್ನು ಮೆಲ್ಲನೆ ಬಿಡಿಸಿದರು.

ವಿಮಾನ ಎದ್ದಿತು. ನಾನು ಕಣ್ಣು ಮುಚ್ಚಿ ಸದ್ದಿಗೆ ಕಿವಿಕೊಟ್ಟೆ. ದಿಬ್ಬದಾಚೆ ಸದ್ದು ಸಣ್ಣದಾಯಿತು, ಮತ್ತೆ ಇಲ್ಲವಾಯಿತು. ದೂರ ಹೋದದ್ದಕ್ಕೆ ಇಲ್ಲವಾಯಿತೋ, ನಿಂತು ಇಲ್ಲವಾಯಿತೋ? ಸದ್ದು ಕೇಳಿ ರೋಗ ಹೇಳುವ ನನಗೆ ಅದು ತಿಳಿಯಲಿಲ್ಲ.

ಆಗ ನನ್ನ ಫೋನ್ ರಿಂಗಾಯಿತು. ಅವರ ಹೆಂಡತಿ.

“ಇವರು ಫೋನ್ ತೆಗೀತಾ ಇಲ್ಲ. ನಿಮ್ಮ ಒಟ್ಟಿಗೆ ಇದ್ದಾರಾ?”

“ಇಲ್ಲ ಬಾಯಮ್ಮ. ಮೇಲೆ ಇದ್ದಾರೆ.”

“ಹಾಗಾದರೆ ರಿಪೇರಿ ಆಯ್ತಾ?”

ಅವರ ಹಿಂದೆ ಕುಕ್ಕರ್ ಸೀಟಿ ಹಾಕಿತು. ಆಯಿತು ಎನ್ನಲೂ ಆಗದೆ, ಇಲ್ಲ ಎನ್ನಲೂ ಆಗದೆ, “ಬಂದ ಮೇಲೆ ಫೋನ್ ಮಾಡಿಸ್ತೇನೆ,” ಎಂದಷ್ಟೇ ಹೇಳಿ ಇಟ್ಟೆ. ಆಮೇಲೆ ಸ್ಕ್ರೀನ್ ನೋಡುತ್ತ ನಿಂತೆ. ಪೊರ್ಬುಗಳ ನಂಬರಿಗೆ ಮಾಡಲು ಧೈರ್ಯ ಸಾಲಲಿಲ್ಲ; ರಿಂಗಾಗಿ ಯಾರೂ ಎತ್ತದಿದ್ದರೆ ಎಂಬ ಭಯ.

ಗಾಡಿ ಬಂದಾಗ, ಚಾಲಕನಾಗಿದ್ದ ಪಠಾಣ ಕಿಟಕಿಯಿಂದಲೇ ಕೂಗಿದ: “ತುಮ್ಹಾರಾ ಸಾಬ್ ಉತರ್ ಗಯಾ, ಚಾಯ್ ಪೀ ರಹಾ ಹೈ!” ಸ್ಟ್ರಿಪ್‌ನಿಂದ ಅವನಿಗೆ ಫೋನ್ ಬಂದಿತ್ತು; ಸಾಹೇಬರು ಇಳಿದು ಚಹಾ ಕುಡಿಯುತ್ತಿದ್ದರು. ನಾನು ಬಾಗಿಲು ತೆಗೆದು ಗಾಡಿ ಹತ್ತಿದೆ.

ಮರುವಾರ ಟ್ಯಾಂಕನ್ನೇ ಹೊರತೆಗೆದು ಕತ್ತರಿಸಿದೆ. ಒಳಮೂಲೆಯಲ್ಲಿ ಉಗುರಿನಷ್ಟಗಲದ ತೆಳ್ಳನೆಯ ಪ್ಲಾಸ್ಟಿಕ್ ಸಿಪ್ಪೆ ಅಂಟಿಕೊಂಡಿತ್ತು, ಟ್ಯಾಂಕಿನದ್ದೇ ಎದ್ದು ಬಂದ ಪದರ. ಇಂಜಿನ್ ಎಳೆಯುವಾಗ ಅದು ತೇಲಿಬಂದು ಪೈಪಿನ ಬಾಯಿ ಮುಚ್ಚುತ್ತಿದ್ದಿರಬೇಕು. ಇಂಜಿನ್ ನಿಂತರೆ ಎಳೆತ ಹೋಗಿ ಬಿಟ್ಟುಕೊಳ್ಳುತ್ತಿದ್ದಿರಬೇಕು. ಪೊರ್ಬುಗಳಿಗೆ ತೋರಿಸಿದೆ.

“ಇದೇ ಅಂತ ಗ್ಯಾರಂಟಿಯಾ?”

“ಇರಬಹುದು ಅಂತ ಹೇಳಬಹುದು, ಅಷ್ಟೇ.”

ಹೊಸ ಟ್ಯಾಂಕ್ ಹಾಕಿದ ಮೇಲೆ ಅದು ಕೆಮ್ಮಲಿಲ್ಲ. ಆದರೂ ಅವರು ಹಾರಿದಾಗಲೆಲ್ಲ ನಾನು ಸ್ಟ್ರಿಪ್‌ನ ಶೆಡ್ಡಿನ ಹೊರಗೆ ಬಿಸಿಲಿನಲ್ಲೇ ನಿಂತಿರುತ್ತಿದ್ದೆ. ಒಳಗೆ ಕೂತು ಬೇರೆ ಕೆಲಸ ಮಾಡಲು ಆಗುತ್ತಿರಲಿಲ್ಲ. ಎರಡು ಚಳಿಗಾಲ ಕಳೆದ ಮೇಲೆ ಬಾಯಮ್ಮನ ಒತ್ತಾಯಕ್ಕೆ ಅವರು ವಿಮಾನವನ್ನು ಯಾರಿಗೋ ಮಾರಿದರು. ಕೊಂಡವರು ಬಂದು ಇಂಜಿನ್ ಹೇಗಿದೆಯೆಂದು ನನ್ನನ್ನು ಕೇಳಿದಾಗ, ‘ಇರಬಹುದು’ ಎಂಬುದನ್ನೂ ಸೇರಿಸಿ ಇಡೀ ಕಥೆಯನ್ನು ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಬೀಗದ ಕೈ ತೆಗೆದುಕೊಂಡು ಹೋದರು.