ಮಣ್ಣಿನ ಅಭಿಮನ್ಯು ಯಾರ ಕೈಕೆಲಸ

ಈ ಬೇಸಿಗೆಗೆಂದು ಕೊಂಡ ಹೊಸ ಗಡಿಗೆಗೆ ಮೊದಲ ಸಲ ನೀರು ಹುಯ್ದಾಗ ಸುಟ್ಟ ಮಣ್ಣಿನ ವಾಸನೆ ಎದ್ದಿತು. ಗೆಂಡೆಹಳ್ಳಿ ಕಡೆಯಿಂದ ನನ್ನನ್ನು ಹುಡುಕಿಕೊಂಡು ಬರುತ್ತಿದ್ದ ಕುಂಬಾರಜ್ಜಿಯ ಸೀರೆಗೂ ಇದೇ ವಾಸನೆಯಿತ್ತು...

ಆಗ ನಾನು ಬೇಲೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಹಳೇಬೀಡಿನಲ್ಲಿ ಹಳೆಯ ವಸ್ತುಗಳನ್ನು ಕೂಡಿಟ್ಟು ಜನರಿಗೆ ತೋರಿಸುತ್ತಿದ್ದ ಶ್ರೀಮಂತರೊಬ್ಬರು ಮೊಣಕಾಲೆತ್ತರದ ಮಣ್ಣಿನ ಬೊಂಬೆಯೊಂದನ್ನು ತೋರಿಸಿ, ಇದು ಯಾವ ಕಾಲದ್ದು ಎಂದು ಕೇಳಿದರು. ಮುರಿದ ರಥದ ಗಾಲಿಯನ್ನು ಎರಡು ಕೈಯಲ್ಲೂ ಎತ್ತಿ ಹಿಡಿದ ಅಭಿಮನ್ಯು. ಅವನ ತೋಳಬಂದಿ, ಸೊಂಟಪಟ್ಟಿ ಎಲ್ಲವೂ ಅಲ್ಲಿನ ದೇವಸ್ಥಾನದ ಗೋಡೆಯ ಯುದ್ಧದ ಸಾಲುಗಳಲ್ಲಿರುವಂಥವೇ. ಹೊಯ್ಸಳರ ಕಾಲದ ಶಿಲ್ಪಿ ಕಲ್ಲಿಗೆ ಮುಂಚೆ ಮಣ್ಣಿನಲ್ಲಿ ಮಾಡಿಕೊಂಡ ಮಾದರಿ ಎಂದು ಬರೆದುಕೊಟ್ಟೆ. ಪೇಪರಿನಲ್ಲಿ ಬಂತು. ನನಗೆ ಶಾಲು ಹೊದಿಸಿದರು.

ವಾರದೊಳಗೆ ಅಜ್ಜಿ ಕಾಲೇಜಿನ ಬಾಗಿಲಲ್ಲಿ ನಿಂತಿದ್ದರು, ಪೇಪರಿನ ಚಿತ್ರವನ್ನು ಸೆರಗಿನಲ್ಲಿ ಕಟ್ಟಿಕೊಂಡು.

"ಇದು ನನ್ ತಮ್ಮ ಮಾಡಿದ್ದು ಸ್ವಾಮಿ. ಅವನಿಗೆ ಮಾತು ಬತ್ತಿರ್ಲಿಲ್ಲ. ಹಳೇಬೀಡಿಗೆ ಮಡಿಕೆ ಮಾರಾಕೆ ಹೋದ್ರೆ ಆ ಗ್ವಾಡೆ ನೋಡ್ಕಂಡೇ ನಿಂತ್ಬುಡೋನು."

ಆ ತಮ್ಮ ಕೆರೆಯಲ್ಲಿ ಮಣ್ಣು ತೋಡುವಾಗ ದಡ ಕುಸಿದು ಸತ್ತಿದ್ದ. ಮುಂದೊಂದು ಮಳೆಗಾಲ, ಅಜ್ಜಿ ಆಸ್ಪತ್ರೆಯಲ್ಲಿದ್ದಾಗ, ಮನೆ ಬಿದ್ದು ಬೊಂಬೆ ಯಾರದೋ ಪಾಲಾಯಿತಂತೆ. ನೋಡೋಣ ಎಂದು ಸಾಗಹಾಕಿದೆ.

ಎರಡನೇ ಸಲ ಬಂದಾಗ ತಮ್ಮ ಮಾಡಿದ ಮಡಕೆಯೊಂದನ್ನು ತಂದರು. ಒಳಮೈ ತುಂಬ ಬೆರಳಿನ ಗುರುತು. ತೋರುಬೆರಳು ಮಾತ್ರ ಅರ್ಧಕ್ಕೇ ನಿಂತಿತ್ತು. "ಚಿಕ್ಕಂದಿನಾಗೆ ಮಚ್ಚು ಬಿದ್ದು ತುಂಡಾಗಿತ್ತು. ಬೊಂಬೆ ಒಳಗೂ ಇದೇ ಕೈ ಐತೆ. ಮುಟ್ಟಿ ನೋಡಿ."

ಆ ಭಾನುವಾರ ಹಳೇಬೀಡಿಗೆ ಹೋಗಿ ಬೊಂಬೆಯ ಟೊಳ್ಳು ಬೆನ್ನೊಳಗೆ ಕೈ ಹಾಕಿದೆ. ಮೂರು ಉದ್ದ ಬೆರಳು, ಒಂದು ಮೋಟು. ನನ್ನ ಬೆರಳು ಆ ಗುಳಿಯಲ್ಲಿ ಕೂತೇಬಿಟ್ಟಿತು...

"ಏನ್ ಸಾರ್, ಎಲ್ಲ ಸರಿಯಾಗೈತಲ್ಲ?" ಎಂದರು ಯಜಮಾನರು.

"ಸರಿಯಾಗಿದೆ," ಎಂದೆ.

ಮೂರನೇ ಸಲ ಬಂದ ಅಜ್ಜಿಗೆ, ಒಳಗೆ ಅಂಥ ಗುರುತೇನೂ ಸಿಗಲಿಲ್ಲವೆಂದೆ. ಅವರು ತುಂಬ ಹೊತ್ತು ನನ್ನ ಕೈಯನ್ನೇ ನೋಡಿದರು. "ಬೊಂಬೆ ಅವರ ತಾವೇ ಇರ್ಲಿ ಸ್ವಾಮಿ. ಅವನು ಮಾಡ್ದ ಅಂತ ಒಂದು ಮಾತು ಬರೀರಿ, ಸಾಕು."

ಇನ್ನೊಮ್ಮೆ ನೋಡುತ್ತೇನೆ ಎಂದೆ. ಅವರು ಮತ್ತೆ ಬರಲಿಲ್ಲ. ತೀರಿಕೊಂಡರೆಂದು ಆ ಕಡೆಯ ಬಸ್ಸಿನ ಕಂಡಕ್ಟರ್ ಹೇಳಿದ. ಆಮೇಲೂ ನಾನು ಬಾಯಿ ಬಿಡಲಿಲ್ಲ.

ನಿವೃತ್ತಿಯಾಗಿ, ಆ ಯಜಮಾನರೂ ತೀರಿಕೊಂಡ ಮೇಲೆ, ಹೋದ ವರ್ಷ ಅವರ ಮಗಳಿಗೆ ಎಲ್ಲವನ್ನೂ ಬರೆದೆ. ಆಕೆ ಫೋನ್ ಮಾಡಿ ಬೇಸರವಿಲ್ಲದೆ ಹೇಳಿದರು: "ಬೊಂಬೆ ಮುಂದಿನ ಬೋರ್ಡ್ ಬದಲಾಯಿಸ್ತೀನಿ ಸಾರ್. ಅವರ ಹೆಸರೇನು ಅಂತ ಬರೆಸ್ಲಿ?"

ನನಗೆ ಗೊತ್ತಿರಲಿಲ್ಲ. ಮಾರನೆಯ ದಿನವೇ ಅಜ್ಜಿಯ ಊರಿಗೆ ಹೋದೆ. ಬಿದ್ದ ಮನೆಯ ಜಾಗದ ಪಕ್ಕದವರು ನೆನಪು ಮಾಡಿಕೊಂಡರು. "ಮೂಗ ಅಂತಿದ್ವಿ ಸಾ. ಹೆಸ್ರು ಯಾರಿಗ್ ಗೊತ್ತು?"

"ಅಜ್ಜಿಯ ಹೆಸರು?"

"ಆಯಮ್ಮನ್ನ ಮೂಗನಕ್ಕ ಅಂತಿದ್ವಿ."

ಮೂರು ಸಲ ಬಸ್ಸು ಹತ್ತಿ ಬಂದು ಆ ಅಜ್ಜಿ ನನ್ನ ಎದುರಿಗೆ ಕೂತಿದ್ದರು. ಒಂದು ಸಲವೂ ನಾನು ಹೆಸರು ಕೇಳಿರಲಿಲ್ಲ.