ಬೆಲ್ಲವಿಲ್ಲದ ಕಷಾಯ

ಚಿತ್ತವಾಡ್ಗಿಯ ನಮ್ಮ ಪಕ್ಕದ ಮನೆಯ ಅಕ್ಕ ಒಣಶುಂಠಿ, ಮೆಣಸು ಕುಟ್ಟಿದರೆ ಓಣಿಗೆಲ್ಲ ಸೀನು ಬರುತ್ತಿತ್ತು. ಅವಳ ಕಷಾಯಕ್ಕೆ ಕಂಪ್ಲಿ ಕಡೆಯ ಕರಿ ಬೆಲ್ಲವೇ ಆಗಬೇಕು. ಲೋಟ ಕೈಗಿಟ್ಟು, "ಮೊದ್ಲು ಕುಡೀರಿ, ಆಮ್ಯಾಲ ಮಾತಾಡ್ರಿ" ಅನ್ನುವಳು.

ಸಕ್ಕರೆ ಕಾಯಿಲೆಯ ನಮ್ಮಪ್ಪನಿಗೂ ದಿನಾ ಒಂದು ಲೋಟ. "ಬೆಲ್ಲ ಏನೂ ಮಾಡಂಗಿಲ್ರಿ ಕಾಕಾ, ಸಕ್ರಿ ಅಷ್ಟ ಕೆಟ್ಟದ್ದು." ಅಪ್ಪ ಖುಷಿಯಿಂದ ನಂಬಿದ್ದ. ಅವನ ಕಾಲಿನ ಗಾಯ ಮಾಯದಿದ್ದಾಗ ಡಾಕ್ಟರು ಬೆಲ್ಲವನ್ನೂ ಬಿಡಿಸಿದರು. ಸುದ್ದಿ ಕೇಳಿದ ಅಕ್ಕ ಎರಡು ದಿನ ನಮ್ಮ ಕಡೆ ಹಾಯಲಿಲ್ಲ.

ಮೂರನೆಯ ದಿನ ಬೆಲ್ಲವಿಲ್ಲದ ಕಷಾಯ ಎರಡು ಲೋಟ ತಂದಳು. ಅಪ್ಪ ಮುಖ ಕಿವುಚಿದ.

"ಇವತ್ತ ಮೊದ್ಲು ನಾ ಕುಡೀತೀನ್ರಿ" ಅಂದವಳೇ ಒಂದೇ ಉಸಿರಿಗೆ ಕುಡಿದಳು. ಕಣ್ಣು ತುಂಬಿ ಬಂತು.

"ಮೆಣಸು ಭಾಳ ಆಗೈತ್ರಿ" ಅಂದಳು.