ವಾಪಸು ಕೇಳಿದ ಶಾಲು

ಹೋದ ವಾರ ಚಳಿ ಬಿತ್ತೆಂದು ಸ್ವೆಟರ್ ತೆಗೆಯಲು ಟ್ರಂಕಿನ ಮುಚ್ಚಳ ಎತ್ತಿದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಅಡರಿತು. ನಿಮಗೆ ಆ ವಾಸನೆಯಿಂದ ಮದುವೆಯ ಸೀರೆಗಳು ನೆನಪಾಗಬಹುದು. ನನಗೆ ನೆನಪಾಗುವುದು ಒಬ್ಬ ಗೋಲ್‌ಕೀಪರ್, ಮತ್ತು ಅವನ ಅಜ್ಜಿಯ ಹೆಗಲಿನಿಂದ ನಾನು ಇಳಿಸಿಕೊಂಡು ಬಂದ ಒಂದು ಶಾಲು.

ನಾನು ಕಲಿತದ್ದು ಹತ್ತನೆಯ ತರಗತಿ, ನಿವೃತ್ತನಾದದ್ದು ಬಸ್ ಕಂಡಕ್ಟರನಾಗಿ. ಕಾಲೇಜಿನ ಗೇಟು ದಾಟಿದ್ದು ಫುಟ್‌ಬಾಲ್ ನೋಡಲು ಮಾತ್ರ. ಆದರೂ ನಮ್ಮ ಭಾಲ್ಕಿಯ ಕಾಲೇಜು ಸೋತರೆ ಊಟ ಬಿಡುತ್ತಿದ್ದೆ. ಗೆದ್ದರೆ ಎರಡು ರೊಟ್ಟಿ ಹೆಚ್ಚು. ಪಂದ್ಯದ ದಿನ ನನ್ನ ಹೆಂಡತಿ ಫಲಿತಾಂಶ ಕೇಳಿಯೇ ಹಿಟ್ಟು ನಾದುತ್ತಿದ್ದಳು. ನನ್ನಂಥ ಐದಾರು ಮಂದಿ ಗೋಲಿನ ಹಿಂದೆ ಕುಳಿತು, ಆಡುವವರಿಗಿಂತ ಹೆಚ್ಚು ಬೆವರುತ್ತಿದ್ದೆವು.

ಔರಾದ ತಾಲ್ಲೂಕಿನ ಎಕಂಬಾದ ಓಂಕಾರ ಪಿಯುಸಿಯಲ್ಲಿದ್ದಾಗಲೇ ಅವನ ಕೈ ತಪ್ಪಿಸಿ ಚೆಂಡು ಹೋಗುವುದು ಅಪರೂಪವಾಗಿತ್ತು. ಪದವಿಗೆ ಭಾಲ್ಕಿಗೇ ಬರುತ್ತೇನೆಂದು ನಮಗೆ ಮಾತು ಕೊಟ್ಟ. ನಮ್ಮ ಕಡೆ ಒಂದು ಚಟವಿದೆ ನೋಡಿ, ಕೆಲಸ ಆಗುವ ಮೊದಲೇ ಸನ್ಮಾನ. ಎಲ್ಲರೂ ಎಕಂಬಾಕ್ಕೆ ಹೋದೆವು. ಅವನಿಗೆ ಹಾರ, ಅವನನ್ನು ಸಾಕಿದ ಅಜ್ಜಿಗೆ ಶಾಲು. ಹೊದಿಸಿದವನು ನಾನೇ. ಶಾಲು ಹೊದ್ದ ಮೇಲೆ ಮಾತು ಬದಲಾಗಬಾರದು ಎಂಬುದು ನಮ್ಮ ನಂಬಿಕೆ; ಅದನ್ನು ಅಜ್ಜಿಗೆ ಯಾರೂ ಹೇಳಿರಲಿಲ್ಲ.

ಪ್ರವೇಶದ ಕೊನೆಯ ದಿನ ಓಂಕಾರ ಬೀದರಿನ ಕಾಲೇಜಿಗೆ ಸೇರಿಬಿಟ್ಟ. ಅದೂ ಪ್ರತಿ ವರ್ಷ ನಮ್ಮನ್ನು ಕಾಡುವ ತಂಡಕ್ಕೆ. ಸುದ್ದಿ ಕೇಳಿದಾಗ ಚಹಾದ ಬಸಿ ತುಟಿಯ ಹತ್ತಿರವೇ ನಿಂತಿತು. ಬೀದರಿನವರು ಬೂಟು ಕೊಡಿಸಿದರಂತೆ ಎಂದು ಒಬ್ಬ ಅಂದ. ಇನ್ನೊಬ್ಬ ಮೋಟಾರ್ ಸೈಕಲ್ ಅಂದ. ಸಂಜೆಯ ಹೊತ್ತಿಗೆ ಅದು ಪ್ಲಾಟಾಗಿ ಬೆಳೆದಿತ್ತು. ನಾನು ಮೂರನ್ನೂ ನಂಬಿದೆ. ಮರುದಿನ ಬೆಳಿಗ್ಗೆ ಎಕಂಬಾದ ಬಸ್ಸು ಹತ್ತಿದೆ.

ಅಜ್ಜಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು, ಹೆಗಲ ಮೇಲೆ ಅದೇ ಶಾಲು. ಓಂಕಾರ ಇರಲಿಲ್ಲ. ನಾನು ಕೂಡಲಿಲ್ಲ, ಕೊಟ್ಟ ನೀರು ಮುಟ್ಟಲಿಲ್ಲ.

“ಮಾತು ತಿರುವಿ ಹಾಕೀರಿ. ಶಾಲು ಕೊಡ್ರಿ” ಅಂದೆ.

ಅವಳು ಯಾಕೆಂದೂ ಕೇಳಲಿಲ್ಲ. “ಹೊಟ್ಟು ಕೂತಾದರಿ, ತಡೀರಿ, ಝಾಡಿಸಿ ಕೊಡ್ತೇನಿ” ಎಂದಳು. ಝಾಡಿಸಿ, ನಾಲ್ಕು ಮಡಿಕೆ ಮಾಡಿ ಕೈಗಿಟ್ಟಳು.

ನಿಜ ತಿಳಿಯಲು ಒಂದು ವರ್ಷ ಹಿಡಿಯಿತು. ಬೂಟೂ ಇರಲಿಲ್ಲ, ಪ್ಲಾಟೂ ಇರಲಿಲ್ಲ. ಮನೆ ನಡೆಯಬೇಕಿತ್ತು. ಬೀದರಿನ ಪಕ್ಕದ ಕೊಳಾರದ ಕಾರ್ಖಾನೆಯಲ್ಲಿ ಹುಡುಗನಿಗೆ ಮಧ್ಯಾಹ್ನದ ಪಾಳಿ ಸಿಕ್ಕಿತ್ತು. ಬೆಳಿಗ್ಗೆ ಓದಿ ಮಧ್ಯಾಹ್ನ ದುಡಿಯಲು ಬೀದರಿನಲ್ಲೇ ಇರಬೇಕಿತ್ತು. ಇಷ್ಟು ತಿಳಿದ ಮೇಲೂ ನಾನು ಹೋಗಲಿಲ್ಲ. ನನ್ನ ದೊಡ್ಡ ತಪ್ಪು ಅದೇ. ಕಸಿದುಕೊಂಡು ಬರಲು ಮೊದಲ ಬಸ್ಸೇ ಸಿಕ್ಕಿತ್ತು. ಕೊಟ್ಟು ಬರಲು ಎಂಟು ವರ್ಷ ಯಾವ ಬಸ್ಸೂ ಹೊಂದಲಿಲ್ಲ. ಜೀವನವಿಡೀ ಬಸ್ಸಿನಲ್ಲೇ ಕಳೆದವನು ನಾನು.

ಹೋದ ವಾರ ಸ್ವೆಟರ್ ಟ್ರಂಕಿನಲ್ಲೇ ಬಿಟ್ಟು, ಅದರ ಅಡಿಯಲ್ಲಿದ್ದ ಶಾಲು ತೆಗೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಒಂದೇ ಹೆದರಿಕೆ, ಅಜ್ಜಿ ಇದ್ದಾಳೋ ಇಲ್ಲವೋ. ಎಕಂಬಾದಲ್ಲಿ ಇಳಿದು ಯಾರನ್ನೂ ಕೇಳುವ ಧೈರ್ಯವಾಗಲಿಲ್ಲ.

ಅಂಗಳದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು.

“ತಪ್ಪಾಗ್ಯಾದ, ಆಯಿ” ಎಂದು ಶಾಲು ಹಿಡಿದೆ.

ಅವಳು ಅದನ್ನು ಮೂಸಿ ಮೂಗು ಮುರಿದಳು. ನನ್ನ ಮುಖವನ್ನು ದಿಟ್ಟಿಸಿದಳು.

“ಭಾಲ್ಕಿಯವರಲ್ಲರಿ ನೀವು? ಮತ್ತ ಶಾಲು ತಂದೀರಿ. ಈಗ ನಾ ಯಾವ ಕಾಲೇಜಿಗಿ ಹೋಗ್ಬೇಕರಿ?”

ಒಳಗಿನಿಂದ ಓಂಕಾರನ ಹೆಂಡತಿ ನಕ್ಕದ್ದು ಕೇಳಿಸಿತು. ನಾನೂ ನಕ್ಕೆ, ಕಣ್ಣು ಒರೆಸಿಕೊಂಡೆ. ಅಜ್ಜಿ ನೀರು ತರಿಸಿದಳು. ಈ ಸಲ ಕುಡಿದೆ.

ಈಗ ಸ್ವೆಟರ್ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದೇನೆ. ಮೈಗೆಲ್ಲ ಅದೇ ನುಸಿಗುಳಿಗೆಯ ವಾಸನೆ, ಬೇಜಾರಿಲ್ಲ. ಇವತ್ತು ಬೀದರಿನವರ ಜೊತೆ ನಮ್ಮವರ ಪಂದ್ಯ. ಫಲಿತಾಂಶ ಇನ್ನೂ ಬಂದಿಲ್ಲ. ಹೆಂಡತಿ ಏನೂ ಕೇಳದೆ ಹಿಟ್ಟು ನಾದಲು ಕೂತಿದ್ದಾಳೆ.